ಬ್ಯಾಕಪ್ ಇದ್ದರೆ ಸಾಲದು, ಮರಳಿ ಬರಬೇಕು

ಸರ್ವರ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಗೆಳೆಯರೇ, ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ಹಾಗೆಯೇ ನಕಲು ಮಾಡಿ ಬ್ಯಾಕಪ್ ಆಯಿತೆಂದು ನಂಬಬೇಡಿ. ನಕಲು ನಡೆಯುತ್ತಿರುವಾಗಲೂ ಹೊಸ ದಾಖಲೆಗಳು ಸೇರುತ್ತಲೇ ಇರುತ್ತವೆ. ಆರ್ಡರ್ ಟೇಬಲ್ ಮೊದಲು, ಪಾವತಿಯ ಟೇಬಲ್ ಆಮೇಲೆ ನಕಲಾದರೆ, ಆರ್ಡರೇ ಇಲ್ಲದ ಪಾವತಿಗಳು ನಿಮ್ಮ ಕೈಗೆ ಬರುತ್ತವೆ.

ಇಡೀ ಡೇಟಾಬೇಸ್ ಒಂದೇ ಕ್ಷಣದಲ್ಲಿ ಇದ್ದ ಸ್ಥಿತಿ ನಮಗೆ ಬೇಕು. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಇದನ್ನು ತಾನಾಗಿಯೇ ಕೊಡುತ್ತದೆ. ಆದರೆ ಅದರಲ್ಲಿ ಬಳಕೆದಾರರ ಖಾತೆಗಳು ಇರುವುದಿಲ್ಲ. ಅವಕ್ಕೆ ಪಿಜಿ-ಡಂಪ್‌ಆಲ್ ಬಳಸಿ. ಮೈಎಸ್‌ಕ್ಯೂಎಲ್‌ನ ಡಂಪ್‌ಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಕೊಡಿ. ಇದು ಇನ್ನೋಡಿಬಿ ಟೇಬಲ್‌ಗಳಿಗೆ ಮಾತ್ರ ಸಲ್ಲುತ್ತದೆ. ಹಳೆಯ ಮೈಐಸ್ಯಾಮ್ ಟೇಬಲ್‌ಗಳಿದ್ದರೆ ಅವಕ್ಕೆ ಬೀಗ ಹಾಕಲೇಬೇಕು. ಡಂಪ್ ನಡೆಯುವಾಗ ಟೇಬಲ್‌ಗಳ ರಚನೆ ಬದಲಿಸಬೇಡಿ. ಬೈನರಿ ಲಾಗ್‌ಗಳನ್ನೂ ಕಾಪಾಡಿಕೊಂಡರೆ ಡಂಪ್ ಆದ ನಂತರದ ಬದಲಾವಣೆಗಳನ್ನೂ ಮರಳಿ ಪಡೆಯಬಹುದು.

ಡಂಪ್ ನಡೆಯುತ್ತಿದೆ ಎಂದು ನಂಬಿ ಕೂರುವುದೂ ಅಪಾಯ. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಸಿಬ್ಬಂದಿಯೊಬ್ಬರು ತಪ್ಪು ಸರ್ವರ್‌ನ ಡೇಟಾ ಅಳಿಸಿದರು. ಪಿಜಿ-ಡಂಪ್‌ನ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಬ್ಯಾಕಪ್‌ಗಳು ವಿಫಲವಾಗುತ್ತಿದ್ದುದು ಆಗಲೇ ತಿಳಿದದ್ದು. ಎಚ್ಚರಿಸುವ ಇಮೇಲ್‌ಗಳು ಯಾರಿಗೂ ತಲುಪಿರಲಿಲ್ಲ. ಕೊನೆಗೆ ಸುಮಾರು ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಕೈಹಿಡಿಯಿತು. ನಡುವಿನ ದಾಖಲೆಗಳು ಹೋದವು.

ಒಂದು ಪ್ರತಿಯನ್ನು ಬೇರೆ ಊರಿನ ಸರ್ವರ್‌ನಲ್ಲಿಡಿ. ತಿಂಗಳಿಗೊಮ್ಮೆಯಾದರೂ ಖಾಲಿ ಯಂತ್ರದಲ್ಲಿ ಡಂಪ್ ತುಂಬಿಸಿ, ಸಾಲುಗಳನ್ನು ಎಣಿಸಿ ನೋಡಿ. ಮರಳಿ ತುಂಬಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಈ ವಾರವೇ ಒಮ್ಮೆ ಪರೀಕ್ಷಿಸಿ.