ಹೆಸರು ಇಲ್ಲಿದೆ, ಫೈಲ್ ಎಲ್ಲಿದೆ?

ಪ್ರಶ್ನೆ: ನಾನು ಹವ್ಯಾಸಿ ಭಾಗವತ. ಹಳೆಯ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನ ಒನ್‌ಡ್ರೈವ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಚೌತಿಯ ತಾಳಮದ್ದಲೆಯಲ್ಲಿ ಒಂದು ಪ್ರಸಂಗ ಸಲೀಸಾಗಿ ತೆರೆದುಕೊಂಡಿತ್ತು. ದೀಪಾವಳಿ ಕಳೆದ ಮೇಲೆ ಅದೇ ಲ್ಯಾಪ್‌ಟಾಪ್, ಅದೇ ಫೈಲ್, ಅದೇ ನೆಟ್‌ವರ್ಕ್ ಸಿಗದ ಊರು. ಆದರೆ ತೆರೆಯಲೇ ಇಲ್ಲ. ಹೆಸರು ಕಾಣುತ್ತದೆ, ಪಕ್ಕದಲ್ಲಿ ಮೋಡದ ಚಿತ್ರವಿದೆ. ಫೈಲ್ ಹಾಳಾಗಿದೆಯೇ?
— ಸಾಗರ ತಾಲೂಕಿನ ಓದುಗರು

ಉತ್ತರ: ಹಾಳಾಗಿಲ್ಲ. ನೆಟ್ ಇರುವಲ್ಲಿ ಎರಡು ಸಲ ಕ್ಲಿಕ್ ಮಾಡಿ, ತೆರೆಯುತ್ತದೆ. ಚೌತಿಗೂ ದೀಪಾವಳಿಗೂ ನಡುವೆ ಅದು ನಿಮ್ಮ ಲ್ಯಾಪ್‌ಟಾಪನ್ನು ಬಿಟ್ಟು ಹೋಗಿದೆ, ಅಷ್ಟೆ.

2017ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನ ಜೊತೆ ಒನ್‌ಡ್ರೈವಿಗೆ ‘ಫೈಲ್ಸ್ ಆನ್ ಡಿಮ್ಯಾಂಡ್’ ಎಂಬ ವ್ಯವಸ್ಥೆ ಸೇರಿತು. ಅಲ್ಲಿಂದ ಮುಂದೆ ಫೋಲ್ಡರಿನಲ್ಲಿ ಕಾಣುವುದೆಲ್ಲ ಡಿಸ್ಕಿನಲ್ಲಿ ಇರಲೇಬೇಕೆಂದಿಲ್ಲ. ನೀಲಿ ಮೋಡ ಇದ್ದರೆ ಫೈಲ್ ಸರ್ವರಿನಲ್ಲಿ ಮಾತ್ರ ಇದೆ. ಬಿಳಿ ವೃತ್ತದೊಳಗೆ ಹಸಿರು ಟಿಕ್ ಇದ್ದರೆ, ನೀವು ಯಾವಾಗಲೋ ತೆರೆದದ್ದರಿಂದ ಇಳಿದು ಬಂದ ಪ್ರತಿ ಸದ್ಯಕ್ಕೆ ನಿಮ್ಮಲ್ಲಿದೆ. ಹಸಿರು ತುಂಬಿದ ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಮಾತ್ರ ಅದು ಕಾಯಂ ನಿವಾಸಿ.

ಜನ ಎಡವುವುದು ಈ ಎರಡನೆಯದರಲ್ಲಿ. ಹಸಿರು ಕಂಡಿತಲ್ಲ ಎಂದು ನಂಬಿಬಿಡುತ್ತಾರೆ. ಆದರೆ ವಿಂಡೋಸಿನಲ್ಲಿ ‘ಸ್ಟೋರೇಜ್ ಸೆನ್ಸ್’ ಎಂಬುದೊಂದಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಹೋದರೆ ಸಿಗುತ್ತದೆ. ಅಲ್ಲಿ ಒನ್‌ಡ್ರೈವಿನ ಕೆಳಗೆ 30 ದಿನ ಎಂದು ಆರಿಸಿದ್ದರೆ, ಅಷ್ಟು ದಿನ ತೆರೆಯದೆ ಬಿಟ್ಟ ಫೈಲು ಮತ್ತೆ ಮೋಡವಾಗುತ್ತದೆ. ನಿಮಗೆ ಆದದ್ದು ಬಹುಶಃ ಇದೇ.

ಪ್ರಸಂಗಗಳ ಇಡೀ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ. ಸ್ಟೋರೇಜ್ ಸೆನ್ಸ್ ಇವುಗಳನ್ನು ಮುಟ್ಟುವುದಿಲ್ಲ, ಆ ಫೋಲ್ಡರಿಗೆ ಮುಂದೆ ಸೇರಿಸುವವೂ ತಾವಾಗಿ ಇಳಿಯುತ್ತವೆ. ಒತ್ತಿದ ಕೂಡಲೇ ಮುಚ್ಚಳ ಹಾಕಿ ಹೊರಡಬೇಡಿ. ಬ್ಯಾಟರಿ ಸೇವರ್ ಚಾಲೂ ಇದ್ದರೆ, ಅಥವಾ ಫೋನಿನ ಹಾಟ್‌ಸ್ಪಾಟನ್ನು ವಿಂಡೋಸ್ ಮೀಟರ್ಡ್ ಎಂದು ಗುರುತಿಸಿದ್ದರೆ, ಒನ್‌ಡ್ರೈವ್ ಸಿಂಕ್ ನಿಲ್ಲಿಸಿ ಕೂತಿರಬಹುದು. ಹೊರಡುವ ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಆ ದಿನದ ಪ್ರಸಂಗವನ್ನು ಒಮ್ಮೆ ತೆರೆದು ನೋಡಿ. ಚಿಹ್ನೆಗಳಿಗಿಂತ ನನಗೆ ಈ ಪರೀಕ್ಷೆಯ ಮೇಲೆ ಹೆಚ್ಚು ನಂಬಿಕೆ.

ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಕೇಳುವವರೆಲ್ಲ ಫೈಲಿನ ಗಾತ್ರ ನೋಡುತ್ತಾರೆ. ಅದು ಬೇಕಾಗುವ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂಬುದನ್ನು ಮೊದಲು ನೋಡಬೇಕು.

ಪ್ರಶ್ನೆ: ನಿವೃತ್ತ ಶಿಕ್ಷಕಿ ನಾನು. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲವೆಂದು ಎಚ್ಚರಿಕೆ ಬರುತ್ತಿತ್ತು. ಎಲ್ಲ ಫೋಟೊ ಕ್ಲೌಡಿನಲ್ಲಿವೆ ಎಂಬ ಧೈರ್ಯದಲ್ಲಿ ಒನ್‌ಡ್ರೈವ್ ಫೋಲ್ಡರಿನಿಂದ ಮಗಳ ಮದುವೆಯ ಫೋಟೊಗಳನ್ನು ಅಳಿಸಿದೆ. ಈಗ ಫೋನಿನಲ್ಲೂ ಇಲ್ಲ, ರೀಸೈಕಲ್ ಬಿನ್ನಿನಲ್ಲೂ ಇಲ್ಲ. ವಾರ ಕಳೆದಿದೆ. ಇನ್ನು ಸಿಗುತ್ತವೆಯೇ?
— ಚಿತ್ರದುರ್ಗದ ಓದುಗರು

ಉತ್ತರ: ಮೇಡಂ, ಈ ಉತ್ತರ ಓದಿ ಮುಗಿಸುವ ಮೊದಲೇ ಬ್ರೌಸರಿನಲ್ಲಿ ಒನ್‌ಡ್ರೈವ್ ತಾಣಕ್ಕೆ ಹೋಗಿ ಲಾಗಿನ್ ಆಗಿ. ಎಡಗಡೆ ರೀಸೈಕಲ್ ಬಿನ್ ಇದೆ. ವೈಯಕ್ತಿಕ ಖಾತೆಯಲ್ಲಿ ಅಳಿಸಿದ್ದು 30 ದಿನ ಅಲ್ಲಿರುತ್ತದೆ. ಶಾಲೆ, ಕಚೇರಿ ಕೊಟ್ಟ ಖಾತೆಯಾದರೆ ಸಾಮಾನ್ಯವಾಗಿ 93 ದಿನ. ಫೋಟೊಗಳನ್ನು ಆರಿಸಿ ‘ರಿಸ್ಟೋರ್’ ಒತ್ತಿ.

ಲ್ಯಾಪ್‌ಟಾಪಿನ ಬಿನ್ನಿನಲ್ಲಿ ನಿಮಗೆ ಸಿಗದಿರುವುದಕ್ಕೆ ಕಾರಣ ಸರಳ: ಮೋಡದ ಚಿಹ್ನೆಯ ಫೈಲ್ ಡಿಸ್ಕಿನಲ್ಲಿ ಇರಲೇ ಇಲ್ಲ, ಹಾಗಾಗಿ ಆ ಬಿನ್ನಿಗೆ ಬೀಳಲೂ ಇಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಅಂಥವನ್ನು ಅಳಿಸಿದ್ದರಿಂದ ನಿಮಗೆ ಜಾಗವೂ ಸಿಕ್ಕಿಲ್ಲ. ಪ್ರಾಪರ್ಟೀಸ್ ತೆರೆದರೆ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂಬ ಎರಡು ಸಾಲು ಕಾಣುತ್ತವೆ. ಫೋಟೊ 8 ಎಂಬಿ ಇದ್ದರೂ ಮೋಡದಲ್ಲಿರುವಾಗ ಎರಡನೆಯ ಸಾಲು ಸೊನ್ನೆ ತೋರಿಸುತ್ತದೆ. ಲ್ಯಾಪ್‌ಟಾಪ್ ಖಾಲಿ ಮಾಡಲು ಹೊರಟವರು ನೋಡಬೇಕಾದದ್ದು ಆ ಸಾಲನ್ನೇ.

ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸುವುದೆಂದರೆ ಎಲ್ಲ ಕಡೆಯೂ ಅಳಿಸುವುದು. ಜಾಗ ಮಾತ್ರ ಬೇಕಿದ್ದರೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸಿ. ಡಿಸ್ಕಿನ ಪ್ರತಿ ಹೋಗುತ್ತದೆ, ಸರ್ವರಿನದು ಉಳಿಯುತ್ತದೆ. ಒಂದೇ ಮೆನುವಿನಲ್ಲಿ ಈ ಎರಡೂ ಇವೆ. ವಯಸ್ಸಾದವರ ಲ್ಯಾಪ್‌ಟಾಪ್ ಸಿದ್ಧಮಾಡಿ ಕೊಡುವ ಮಕ್ಕಳು ಈ ವ್ಯತ್ಯಾಸವನ್ನು ಕೂರಿಸಿ ಹೇಳಿಕೊಡುವುದಿಲ್ಲ ಎಂಬುದು ನನ್ನ ದೂರು.

ಮದುವೆ ಫೋಟೊಗಳು ವಾಪಸು ಬಂದ ಮೇಲೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೂ ಹಾಕಿಡಿ. ಕ್ಲೌಡ್ ಫೋಲ್ಡರ್ ನಿಮ್ಮ ಕೈತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ; ಡ್ರಾಯರಿನಲ್ಲಿರುವ ಡಿಸ್ಕಿಗೆ ಆ ತಪ್ಪು ತಲುಪುವುದಿಲ್ಲ.

ಪ್ರಶ್ನೆ: ಗೂಗಲ್ ಡ್ರೈವ್ ಫೋಲ್ಡರಿನಿಂದ ನನ್ನ ಪಾಠದ ಟಿಪ್ಪಣಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಕಾಪಿ ಕ್ಷಣದಲ್ಲಿ ಮುಗಿದಿತ್ತು. ನೆಟ್ ಇಲ್ಲದ ತರಗತಿಯ ಕಂಪ್ಯೂಟರಿನಲ್ಲಿ ಪಿಡಿಎಫ್‌ಗಳು ತೆರೆದವು, ಗೂಗಲ್ ಡಾಕ್ಸ್‌ನಲ್ಲಿ ಬರೆದವು ಒಂದೂ ತೆರೆಯಲಿಲ್ಲ. ‘ಅವೈಲಬಲ್ ಆಫ್‌ಲೈನ್’ ಕೂಡ ಮಾಡಿದ್ದೆ.
— ಹಾವೇರಿಯ ಉಪನ್ಯಾಸಕರು

ಉತ್ತರ: ಕಾಪಿ ಕ್ಷಣದಲ್ಲಿ ಮುಗಿದದ್ದೇ ಸುಳಿವು ಸರ್. ಜಿಡಾಕ್ ಎಂದು ಕೊನೆಗೊಳ್ಳುವ ಆ ಫೈಲುಗಳೊಳಗೆ ನೀವು ಬರೆದ ಒಂದು ಅಕ್ಷರವೂ ಇರುವುದಿಲ್ಲ, ಗೂಗಲ್‌ನಲ್ಲಿರುವ ದಾಖಲೆಯ ವಿಳಾಸವಷ್ಟೇ ಇರುತ್ತದೆ. ಪಹಣಿಯನ್ನು ಜೇಬಿನಲ್ಲಿಟ್ಟುಕೊಂಡರೆ ಹೊಲವೇ ಜತೆಗೆ ಬರುತ್ತದೆಯೇ?

‘ಅವೈಲಬಲ್ ಆಫ್‌ಲೈನ್’ ಎಂಬುದು ನಿಮ್ಮ ಕಂಪ್ಯೂಟರಿಗೆ, ನಿಮ್ಮ ಖಾತೆಗೆ ಸೀಮಿತ. ಬೇರೆಯವರ ಯಂತ್ರಕ್ಕೆ ಒಯ್ಯಬೇಕಾದರೆ ಡಾಕ್ಸ್ ತೆರೆದು ‘ಫೈಲ್’ ಮೆನುವಿನ ‘ಡೌನ್‌ಲೋಡ್’ ಮೂಲಕ ವರ್ಡ್ ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಕನ್ನಡ ಟಿಪ್ಪಣಿಗಾದರೆ ಪಿಡಿಎಫ್ ಮೇಲು; ಫಾಂಟ್ ಅದರೊಳಗೇ ಸೇರಿ ಬರುವುದರಿಂದ ತರಗತಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ.

ಡ್ರೈವ್ ಆ್ಯಪಿನಲ್ಲಿ ‘ಸ್ಟ್ರೀಮ್’, ‘ಮಿರರ್’ ಎಂಬ ಎರಡು ಆಯ್ಕೆಗಳಿವೆ. ಮಿರರ್ ಆರಿಸಿದರೆ ನಿಮ್ಮ ಮೈ ಡ್ರೈವ್ ಪೂರ್ತಿ ಡಿಸ್ಕಿಗೆ ಇಳಿಯುತ್ತದೆ. ಆದರೆ ಅದೂ ಜಿಡಾಕ್ ಫೈಲನ್ನು ನಿಜವಾದ ದಾಖಲೆ ಮಾಡಿಕೊಡುವುದಿಲ್ಲ.

ಪ್ರಶ್ನೆ: ಮ್ಯಾಕ್‌ಬುಕ್ಕಿನ ಫೋಟೋಸ್‌ನಲ್ಲಿ ‘ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್’ ಹಾಕಿದ್ದೇನೆ. ಟೈಮ್ ಮೆಷಿನ್ ಬ್ಯಾಕಪ್ಪೂ ತಪ್ಪದೆ ಆಗುತ್ತಿದೆ. ಸಾಕಲ್ಲವೇ?
— ಬೆಂಗಳೂರಿನ ಓದುಗರು

ಉತ್ತರ: ಸಾಲದು. ಟೈಮ್ ಮೆಷಿನ್ ಮ್ಯಾಕ್‌ನಲ್ಲಿ ಇರುವುದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಆಪ್ಟಿಮೈಸ್ ಇದ್ದಾಗ ಅನೇಕ ಫೋಟೊಗಳ ಚಿಕ್ಕ ಪ್ರತಿ ಮಾತ್ರ ನಿಮ್ಮಲ್ಲಿರುತ್ತದೆ, ಮೂಲ ಇರುವುದು ಐಕ್ಲೌಡ್‌ನಲ್ಲಿ. ಫೋಟೋಸ್ ಲೈಬ್ರರಿಯನ್ನು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸಿ, ‘ಡೌನ್‌ಲೋಡ್ ಒರಿಜಿನಲ್ಸ್’ ಆರಿಸಿ, ಆ ಡಿಸ್ಕೂ ಬ್ಯಾಕಪ್ಪಿನಲ್ಲಿ ಸೇರಿದೆಯೇ ಎಂದು ನೋಡಿ.

ಪ್ರಶ್ನೆ: ಒನ್‌ಡ್ರೈವಿನ 5 ಜಿಬಿ ತುಂಬಿದೆ. ಹಳೆಯ ಫೋಲ್ಡರುಗಳನ್ನು ಕಟ್ ಮಾಡಿ ಡಿ ಡ್ರೈವಿಗೆ ಹಾಕಿದರೆ ಏನಾದರೂ ತೊಂದರೆಯೇ?
— ಪುತ್ತೂರಿನ ಓದುಗರು

ಉತ್ತರ: ತೊಂದರೆ ಇಲ್ಲ, ಆದರೆ ಏನಾಗುತ್ತದೆ ಎಂದು ತಿಳಿದು ಮಾಡಿ. ಮೋಡದಲ್ಲಿದ್ದ ಫೈಲುಗಳೆಲ್ಲ ಮೊದಲು ಇಳಿಯುತ್ತವೆ. ಅಷ್ಟು ಡೇಟಾ, ಅಷ್ಟು ಜಾಗ ಎರಡೂ ಬೇಕು. ಆಮೇಲೆ ಅವು ಒನ್‌ಡ್ರೈವಿನಿಂದ ಮಾಯವಾಗುತ್ತವೆ, ಫೋನಿನಲ್ಲೂ ಕಾಣುವುದಿಲ್ಲ. ಅಲ್ಲಿಂದ ಮುಂದೆ ಡಿ ಡ್ರೈವಿನಲ್ಲಿರುವುದೇ ಏಕೈಕ ಪ್ರತಿ. ಆದ್ದರಿಂದ ಕಟ್ ಮಾಡದೆ ಕಾಪಿ ಮಾಡಿ, ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿ, ನೆಟ್ ಆಫ್ ಮಾಡಿ ನಾಲ್ಕಾರು ಫೈಲ್ ತೆರೆದು ನೋಡಿ. ಒನ್‌ಡ್ರೈವಿನಿಂದ ಅಳಿಸುವುದು ಅದಾದ ಮೇಲೆ.