ಸಿಂಗಳೀಕಗಳ ಹಿಂದೆ

ಸಿಂಗಳೀಕದ ಸಹಜ ನೆಲೆಯು ಪಶ್ಚಿಮಘಟ್ಟಗಳಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಕುಚ್ಚಿನ ಬಾಲವುಳ್ಳ ಈ ಕೋತಿಯು ನಿತ್ಯಹರಿದ್ವರ್ಣದ ಕಾಡಿನ ಎತ್ತರದ ಮರಗಳಲ್ಲಿ ಬಾಳುತ್ತದೆ. ಇದನ್ನು ಅಭ್ಯಸಿಸುವ ವಿಜ್ಞಾನಿಗಳಿಗೆ ನೆರವಾಗಲು ಕೆಲವು ತರುಣ ತರುಣಿಯರು ಸಂಬಳವನ್ನು ಬಯಸದೆ ಕಾಡಿಗೆ ಹೋಗುವುದುಂಟು.

ಗುಂಪು ರಾತ್ರಿ ತಂಗಿದ್ದ ಮರದ ಬಳಿಗೆ ಅವರು ಬೆಳಕು ಹರಿಯುವ ಮುನ್ನವೇ ತಲುಪಬೇಕು. ಮಳೆ, ಜಿಗಣೆ, ಜಾರುವ ಇಳಿಜಾರುಗಳನ್ನು ಸಹಿಸಿ ಸಂಜೆಯವರೆಗೆ ಅದನ್ನು ಹಿಂಬಾಲಿಸಬೇಕು. ಗೊತ್ತಾದ ಸಮಯಕ್ಕೊಮ್ಮೆ, ಕಣ್ಣಿಗೆ ಬಿದ್ದ ಪ್ರತಿಯೊಂದು ಕೋತಿಯೂ ಆ ಗಳಿಗೆಯಲ್ಲಿ ಏನು ಮಾಡುತ್ತಿದೆಯೆಂದು ಬರೆದುಕೊಳ್ಳಬೇಕು.

ಜಗಳ, ನೆಗೆತಗಳು ಕಣ್ಣನ್ನು ಸೆಳೆಯುತ್ತವೆ. ಸುಮ್ಮನೆ ಕುಳಿತಿರುವುದು ಸೆಳೆಯದು. ಸೆಳೆದುದನ್ನಷ್ಟೇ ಬರೆದರೆ ಕೋತಿಯ ಬಾಳೆಲ್ಲ ಜಗಳವೆಂದೇ ತೋರೀತು. ಆಫ್ರಿಕದ ಬಬೂನ್ ಕೋತಿಗಳನ್ನು ಅಭ್ಯಸಿಸಿದ ಜೀನ್ ಆಲ್ಟ್‌ಮನ್ ಅವರು 1974ರಲ್ಲಿ ಇಂಥ ದೋಷಗಳನ್ನು ವಿವರಿಸಿ, ವೀಕ್ಷಣೆಯ ಕ್ರಮಗಳನ್ನು ವಿಂಗಡಿಸಿ ತೋರಿಸಿದರು.

ಎಲೆಗಳ ಮರೆಯಲ್ಲಿ ಗುಂಪು ಕಾಣದಾದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕು. ಊಹೆಗೆ ಅಲ್ಲಿ ಎಡೆಯಿಲ್ಲ. ಯಾವ ಮರದ ಹಣ್ಣು ಯಾವ ತಿಂಗಳಲ್ಲಿ ಸಿಂಗಳೀಕಕ್ಕೆ ಆಹಾರವೆಂಬುದು ಇಂಥ ಪುಟಗಳಿಂದಲೇ ತಿಳಿಯುತ್ತದೆ. ಆ ಮರಗಳನ್ನು ಉಳಿಸಬೇಕೆಂಬ ಮಾತಿಗೆ ಅವೇ ಆಧಾರ. ಅವುಗಳಲ್ಲಿ ಸುಳ್ಳು ಸೇರಿದರೆ, ಉಳಿಯಬೇಕಾದ ಮರವೇ ಕೊಡಲಿಗೆ ಬಲಿಯಾದೀತು.