ಹಸಿ ಗಾಂಜಾ ಗಿಡದಲ್ಲಿ ಅಡಗಿರುವ ಆಮ್ಲ

ಸುಣ್ಣದ ಗೂಡಿನಲ್ಲಿ ನಡೆಯುವುದೇನೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. 100 ಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 44 ಗ್ರಾಂ ಇಂಗಾಲಾಮ್ಲ ವಾಯು ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಕಲ್ಲು ನಾಲಿಗೆಗೆ ಏನೂ ಮಾಡದು. ಸುಟ್ಟ ಸುಣ್ಣವೋ ನಾಲಿಗೆಯನ್ನೇ ಸುಡುತ್ತದೆ. ಗಾಂಜಾ ಗಿಡದಲ್ಲಿಯೂ ಇದನ್ನು ಹೋಲುವ ವ್ಯಾಪಾರವೊಂದುಂಟು.

ಗಾಂಜಾದಲ್ಲಿ ಅಮಲೇರಿಸುವ ಮುಖ್ಯ ವಸ್ತು ಟೆಟ್ರಾಹೈಡ್ರೊಕ್ಯಾನಬಿನಾಲ್, ಚಿಕ್ಕದಾಗಿ ಟಿ.ಎಚ್.ಸಿ. ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದವರು ಇಸ್ರೇಲಿನ ಗಾಯೋನಿ ಮತ್ತು ಮೆಶುಲಮ್. ಆದರೆ ಗಿಡವು ತಯಾರಿಸುವುದು ಇದನ್ನಲ್ಲ, ಇದರ ಆಮ್ಲವನ್ನು. ಹೆಣ್ಣು ಹೂಗಳ ಮೇಲಿನ ಸೂಕ್ಷ್ಮ ಗ್ರಂಥಿರೋಮಗಳಲ್ಲಿ ಕಿಣ್ವವೊಂದು ಈ ಆಮ್ಲವನ್ನು ಕಟ್ಟುತ್ತದೆ. ಅಣುವಿನಲ್ಲಿ 22 ಇಂಗಾಲ, 30 ಜಲಜನಕ, 4 ಆಮ್ಲಜನಕ ಪರಮಾಣುಗಳು; ಅಣುತೂಕ 358. ಈ ಆಮ್ಲವು ಮೆದುಳನ್ನು ಸುಲಭವಾಗಿ ಹೊಗಲಾರದು, ಅಲ್ಲಿಯ ಗ್ರಾಹಕಗಳಿಗೆ ಸರಿಯಾಗಿ ಅಂಟಿಕೊಳ್ಳಲೂ ಆರದು. ಅದನ್ನು ಕಾಸಿದರೆ ಒಂದು ಇಂಗಾಲಾಮ್ಲ ಅಣು ಕಳಚಿ, 314 ಅಣುತೂಕದ ಟಿ.ಎಚ್.ಸಿ. ಉಳಿಯುತ್ತದೆ. ಕಳೆದುಹೋದದ್ದು ಇಲ್ಲಿಯೂ 44!

ಕಾಸಲೇಬೇಕೇಕೆ? ಕಳಚಿಕೊಳ್ಳುವ ಮುನ್ನ ಅಣುವು ಶಕ್ತಿಯ ಒಂದು ದಿಣ್ಣೆಯನ್ನು ದಾಟಬೇಕು. ಉಷ್ಣತೆ ಏರಿದಷ್ಟೂ ದಾಟಬಲ್ಲ ಅಣುಗಳು ಹೆಚ್ಚುತ್ತವೆ. 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿ. ಕೈವಾರದಂತಹ ನಮ್ಮ ಎತ್ತರದ ಬಯಲಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಅಲ್ಲಿ ಈ ಕ್ರಿಯೆ ಮಂದ. ಕೆಂಡದ ಶಾಖದಲ್ಲಿ ಅದು ಕ್ಷಣಮಾತ್ರದ ಕೆಲಸ. ಹಾಗೆಂದು ಹಸಿಯದು ನಿರಪಾಯವೆಂದು ಭಾವಿಸುವುದು ಅವಿವೇಕ. ಒಣಗುವಾಗಲೂ, ಸುಮ್ಮನೆ ಇಟ್ಟಾಗಲೂ ಆಮ್ಲವು ನಿಧಾನವಾಗಿ ಒಡೆಯುತ್ತಲೇ ಇರುತ್ತದೆ.

ಇದೆಲ್ಲ ಪ್ರಯೋಗಶಾಲೆಯಲ್ಲಿ ಮುಗಿಯುವ ಮಾತಲ್ಲ. ವಾಯು ವರ್ಣಲೇಖನ ಯಂತ್ರವು ಮಾದರಿಯನ್ನು 200 ಡಿಗ್ರಿಗೂ ಮೀರಿ ಕಾಸುತ್ತದೆ. ಆದ್ದರಿಂದ ಗಿಡದಲ್ಲಿ ಇಲ್ಲದಿದ್ದ ಟಿ.ಎಚ್.ಸಿ. ಯಂತ್ರದೊಳಗೇ ಹುಟ್ಟಿ ಲೆಕ್ಕಕ್ಕೆ ಬರುತ್ತದೆ. ಅಳೆಯುವ ಸಾಧನವೇ ಅಳತೆಯನ್ನು ಬದಲಿಸುವುದಕ್ಕೆ ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಅಪರೂಪ. ದ್ರವ ವರ್ಣಲೇಖನದಲ್ಲಿ ಶಾಖ ಬೇಕಿಲ್ಲ. ಎರಡನ್ನೂ ಬೇರೆಬೇರೆಯಾಗಿ ಅಳೆದು, ಆಮ್ಲದ ತೂಕವನ್ನು 0.877ರಿಂದ ಗುಣಿಸಿ ಕೂಡಿಸುತ್ತಾರೆ. ಈ ಅಂಕಿ 314ನ್ನು 358ರಿಂದ ಭಾಗಿಸಿ ಬಂದದ್ದು.

ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯು ಗಾಂಜಾವನ್ನು ರಸಾಯನದಿಂದಲ್ಲ, ಗಿಡದ ಅಂಗದಿಂದ ಗುರುತಿಸುತ್ತದೆ: ಹೂ ಅಥವಾ ಕಾಯಿ ಬಿಟ್ಟ ತುದಿಗಳು ಗಾಂಜಾ, ತುದಿಗಳಿಲ್ಲದ ಬರಿಯ ಎಲೆ, ಬೀಜಗಳು ಅಲ್ಲ. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ನೀಡುವಾಗ ಈ ವ್ಯಾಖ್ಯೆಯನ್ನು ಪರಿಶೀಲಿಸಿತು. ಗಾಂಜಾದ ಅಲ್ಪ ಪ್ರಮಾಣದ ಮಿತಿ 1 ಕಿಲೋಗ್ರಾಂ, ವಾಣಿಜ್ಯ ಪ್ರಮಾಣ 20 ಕಿಲೋಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷಗಳ ಸೆರೆವಾಸ. ಹಸಿಗಿಡದ ತೂಕದಲ್ಲಿ ಬಹುಪಾಲು ನೀರು. ಹಾಗಾಗಿ ತೂಗಿದ್ದು ಯಾವ ಭಾಗವನ್ನು, ಹಸಿಯೋ ಒಣಗಿದ್ದೋ ಎಂಬುದನ್ನು ಬರೆದಿಡದಿದ್ದರೆ ಒಬ್ಬ ಮನುಷ್ಯನ ಹತ್ತು ವರ್ಷಗಳು ತಕ್ಕಡಿಯಲ್ಲಿ ತೂಗಾಡುತ್ತವೆ. ಮಾದರಿಯನ್ನು ತಂಪಾದ ಕತ್ತಲೆಯಲ್ಲಿಟ್ಟು, ಪರೀಕ್ಷೆಯ ದಿನಾಂಕವನ್ನೂ ವಿಧಾನವನ್ನೂ ವರದಿಯಲ್ಲಿ ನಮೂದಿಸಬೇಕಾದುದು ಇದೇ ಕಾರಣದಿಂದ.